ಬಸ್ಸು ಕೂಗುತ್ತಿದ್ದ ದನಿ

ಅವರು ತೀರಿಕೊಂಡ ಸುದ್ದಿ ತಿಳಿದ ಸಂಜೆ, ಇಂಡಿಯಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ಅವರ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ದನಿ ಬರಲಿಲ್ಲ, ಊರುಗಳು ಬಂದವು. ಮೋರಟಗಿ, ಜೇವರ್ಗಿ, ಕಲಬುರಗಿ. ದೇವರ ಹಿಪ್ಪರಗಿ, ತಾಳಿಕೋಟಿ, ಮುದ್ದೇಬಿಹಾಳ. ಒಂದರ ಹಿಂದೆ ಒಂದು, ಸದ್ದಿಲ್ಲದೆ, ದೂಳಿನೊಳಗಿಂದ ಬಂದು ನಿಲ್ಲುವ ಬಸ್ಸುಗಳ ಹಾಗೆ. ಕೆಳಗೆ ಲಿಂಬೆ ಗಿಡಗಳಿಗೆ ನೀರು ಬಿಟ್ಟಿದ್ದರು. ಹಸಿ ಮಣ್ಣಿನ ವಾಸನೆಯೊಳಗೆ ಊರಿನ ಹೆಸರುಗಳು ಬಹಳ ಹೊತ್ತು ತೇಲಾಡಿದವು. ಅವುಗಳನ್ನು ಹೇಳುತ್ತಿದ್ದ ದನಿ ಮಾತ್ರ ಎಲ್ಲಿಯೋ ಉಳಿದುಬಿಟ್ಟಿತ್ತು.

ಸಿಂದಗಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳನ್ನು ಕೂಗುತ್ತಿದ್ದವರು ಅವರು. ಇಲಾಖೆಯ ಕಾಗದಗಳಲ್ಲಿ ಆ ಹುದ್ದೆಗೆ ಉದ್ದನೆಯ ಹೆಸರೊಂದು ಇತ್ತಂತೆ. ಜನರ ಬಾಯಲ್ಲಿ ಬರೀ ‘ಕಂಟ್ರೋಲರ್’. ನಿವೃತ್ತಿಯಾದ ಮೇಲೆ ಅದೇ ಊರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ಸೇರಿದರು. ಆಪರೇಶನ್ ಮಾಡಿಸಿಕೊಂಡು ಹಳ್ಳಿಗೆ ಹೋದವರಿಗೆ ಫೋನ್ ಮಾಡಿ, ಇಂಥ ದಿನ ತಪಾಸಣೆಗೆ ಬನ್ನಿ ಎಂದು ನೆನಪಿಸುವ ಕೆಲಸ. ಎಂ.ಎ. ಮುಗಿಸಿ ಬೇರೆಲ್ಲೂ ಏನೂ ಕುದುರದೆ ನಾನೂ ಅಲ್ಲಿಯೇ ಸೇರಿದ್ದೆ, ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ಏರ್ಪಡಿಸುವುದಕ್ಕೆ. ಒಂದೇ ಕೋಣೆ, ಎದುರುಬದುರು ಮೇಜು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಆ ಎರಡು ನೆಂಟಸ್ತಿಕೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

ಅವರ ದನಿಯನ್ನು ನಾನು ಅದಕ್ಕೂ ಮೊದಲೇ ಬಲ್ಲೆ ಎಂದು ಬಹಳ ದಿನ ನಂಬಿದ್ದೆ. ಸಣ್ಣವಳಿದ್ದಾಗ ಸಿಂದಗಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವ್ವನ ತೊಡೆಯಲ್ಲಿ ತಲೆಯಿಟ್ಟು ಮಲಗಿದ್ದೇನೆ. ಅವ್ವನ ಸೀರೆಯಲ್ಲಿ ಜೋಳದ ರೊಟ್ಟಿಯ ವಾಸನೆ. ಅರೆನಿದ್ದೆಯೊಳಗೆ ಒಂದು ದೊಡ್ಡ, ನಿಧಾನವಾದ ದನಿ ಇಳಿದು ಬರುತ್ತದೆ. ಯಾರೋ ಆಕಾಶದಲ್ಲಿ ಕುಳಿತು ಊರುಗಳನ್ನು ಒಂದೊಂದಾಗಿ ಕರೆದು ಎಬ್ಬಿಸಿದ ಹಾಗೆ. ಈ ಚಿತ್ರವನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಒಂದು ಸಲ ಅವ್ವನ ಎದುರಿಗೂ ಹೇಳಿದೆ. ಆಕೆ ಕಾಯಿಪಲ್ಲೆ ಹೆಚ್ಚುತ್ತ ತಲೆ ಎತ್ತದೆ ಅಂದಳು: “ನಾವು ಯಾವಾಗ ಸಿಂದಗಿ ಸ್ಟ್ಯಾಂಡಿನ್ಯಾಗ ಮಲಗಿದ್ವೇ? ನಿನ್ನ ಕರ್ಕೊಂಡು ಹೊಂಟ್ರ ಟೆಂಪೋನ ಬೇಕಾಗತಿತ್ತು. ಬಸ್ಸಿನ್ಯಾಗ ನಿನಗ ವಾಂತಿ ಬರ್ತಿತ್ತು.”

ಹಾಗಾದರೆ ಆ ಬೆಂಚು ಯಾರದು, ಆ ತೊಡೆ ಯಾರದು? ಗೊತ್ತಿಲ್ಲ. ಆದ್ದರಿಂದ ಅವರ ಬಗ್ಗೆ ನಾನು ಬರೆಯುವುದನ್ನು ಓದುವವರು ಸ್ವಲ್ಪ ಹುಷಾರಾಗಿ ಓದಬೇಕು. ನಾನೂ ಹುಷಾರಾಗಿ ಬರೆಯುತ್ತಿದ್ದೇನೆ.

ಗಟ್ಟಿಯಾಗಿ ಹೇಳಬಹುದಾದದ್ದು ಕೆಲವು ಇವೆ. ಫೋನನ್ನು ಅವರು ಎಂದೂ ಕಿವಿಗೆ ಹಿಡಿಯಲಿಲ್ಲ. ಸ್ಪೀಕರ್ ಹಚ್ಚಿ, ಬಾಯಿಯಿಂದ ಒಂದು ಗೇಣು ದೂರ ಹಿಡಿದು, ಮಾತಾಡುವ ಮೊದಲು ಬೆರಳಿನಿಂದ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದರು, ಮೈಕು ಚಾಲೂ ಇದೆಯೋ ಇಲ್ಲವೋ ನೋಡುವಂತೆ. ಮೇಜಿನ ಡ್ರಾಯರಿನಲ್ಲಿ ಬೆಲ್ಲ ಮತ್ತು ಕರಿಮೆಣಸು ಇರುತ್ತಿತ್ತು, ಗಂಟಲಿಗೆ. ಯಾರಿಗೂ ಕೊಡುತ್ತಿರಲಿಲ್ಲ. ದನಿಯ ಬಗ್ಗೆ ಅವರಿಗೆ ಸಣ್ಣದಲ್ಲದ ಜಂಬವಿತ್ತು. ಮದುವೆ ಮನೆಯಲ್ಲಿ ಯಾರಾದರೂ ಮೈಕಿನಲ್ಲಿ ಕೆಟ್ಟದಾಗಿ ಕೂಗಿದರೆ ಊಟ ಬಿಟ್ಟು ಎದ್ದು ಬರುತ್ತಿದ್ದರಂತೆ. ಇದನ್ನು ಅವರೇ ಹೇಳಿದ್ದು, ಆದ್ದರಿಂದ ಅರ್ಧ ನಂಬಬಹುದು.

ನಾನು ಸೇರಿದ ಹೊತ್ತಿಗಾಗಲೇ ಜನ ಗುರುತಿಲ್ಲದ ನಂಬರಿನ ಫೋನಿಗೆ ಹೆದರಲು ಶುರುಮಾಡಿದ್ದರು. ಬ್ಯಾಂಕಿನವರೆಂದು ಹೇಳಿಕೊಂಡು ಖಾತೆ ಬರಿದು ಮಾಡಿದ ಕಥೆ ಪ್ರತಿ ಊರಿನಲ್ಲೂ ಇತ್ತು. ಮಸೂತಿ ಊರಿನ ಒಬ್ಬ ರೈತನಿಗೆ ಅವರು ಫೋನ್ ಮಾಡಿದ್ದು ಚೆನ್ನಾಗಿ ನೆನಪಿದೆ.

“ಸಿಂದಗಿ ಕಣ್ಣಿನ ದವಾಖಾನಿಯಿಂದ ಮಾತಾಡಾಕತ್ತೇನ್ರಿ.”

“ಯಾವ ದವಾಖಾನಿ? ಒಟಿಪಿ ಗಿಟಿಪಿ ನಮ್ಮ ಹಂತ್ಯಾಕ ಏನೂ ಇಲ್ಲ. ಇಡ್ರಿ.”

“ನಿನ್ನ ಒಟಿಪಿ ತಗೊಂಡು ನಾ ಏನ್ ಉಪ್ಪಿನಕಾಯಿ ಹಾಕ್ಲೇನು? ಕಣ್ಣಿಗಿ ಔಷಧ ಬಿಡಾಕತ್ತಿಯೋ ಇಲ್ಲೋ, ಅದನ್ನ ಹೇಳು.”

“ದನಿ ಎಲ್ಲೋ ಕೇಳಿದಂಗ ಐತಲ್ಲ.”

“ಸಿಂದಗಿ ಸ್ಟ್ಯಾಂಡಿನ್ಯಾಗ ಕೇಳಿರ್ತಿ.”

“ಕಂಟ್ರೋಲರ್ ಏನ್ರಿ? ಖರೇನ? ಹಂಗಿದ್ರ ನಮ್ಮೂರ ಬಸ್ ಒದರ್ರಿ ನೋಡೂಣು.”

ಅವರು ನನ್ನ ಕಡೆ ನೋಡಿದರು. ಇದನ್ನೇ ಕಾಯುತ್ತಿದ್ದವರ ನೋಟ. ಗಂಟಲು ಸರಿಮಾಡಿಕೊಂಡು, ಟಕ್ ಟಕ್ ಎಂದು ಬಡಿದು, ಬೇರೆಯೇ ಮನುಷ್ಯನಾದರು: “ಪ್ರಯಾಣಿಕರ ಗಮನಕ್ಕೆ. ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಮಾರ್ಗವಾಗಿ ಮಸೂತಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ.”

ಹೊರಗಿನ ಪಡಸಾಲೆಯಲ್ಲಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕುಳಿತಿದ್ದವರೆಲ್ಲ ತಮ್ಮ ಚೀಲ ತಡಕಾಡಿ ಎದ್ದು ನಿಂತರು. ಒಬ್ಬ ಮುದುಕಿ ನರ್ಸಿನ ಕೈ ಹಿಡಿದು, “ಎರಡನೇದು ಯಾವ ಕಡಿ ಬರ್ತೈತವ್ವಾ?” ಎಂದು ಕೇಳಿದಳು. ಎಲ್ಲರೂ ಎದ್ದರೋ, ಅವಳೊಬ್ಬಳೇ ಎದ್ದಳೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಮಸೂತಿಯವನು ಮಾತ್ರ ತಪಾಸಣೆಗೆ ಬಂದ. ಬಂದವನು ಕಂಟ್ರೋಲರನ್ನು ನೋಡಬೇಕೆಂದು ಕೇಳಲೂ ಇಲ್ಲ. ದನಿ ಕೇಳಿದ್ದಾಗಿತ್ತಲ್ಲ.

ಆಮೇಲೆ ಹಳ್ಳಿಯವರೆಲ್ಲ ಅದನ್ನೇ ಕೇಳತೊಡಗಿದರು. ಇಂಡಿಯವರು ಇಂಡಿ ಬಸ್ಸು, ಮುದ್ದೇಬಿಹಾಳದ ಕಡೆಯವರು ಮುದ್ದೇಬಿಹಾಳ ಬಸ್ಸು. ಅವರು ಬೇಸರವಿಲ್ಲದೆ ಕೂಗುತ್ತಿದ್ದರು. ಮಧ್ಯಾಹ್ನದ ಊಟದ ನಂತರ ನಾನು ಮೇಜಿನ ಮೇಲೆ ತಲೆಯಿಟ್ಟರೆ, ಕಿಟಕಿಯ ಆಚೆಯ ಬಿಸಿಲು, ಔಷಧಿಯ ವಾಸನೆ ಮತ್ತು ಹೊರಡದ ಬಸ್ಸುಗಳ ಕೂಗು ಎಲ್ಲ ಕಲೆತು ಒಂದಾಗಿಬಿಡುತ್ತಿದ್ದವು. ಕಲ್ಲುಬೆಂಚಿನ ಆ ನೆನಪು ಹುಟ್ಟಿದ್ದು ಬಹುಶಃ ಇಲ್ಲಿಯೇ.

ಒಂದೇ ತೊಡಕೆಂದರೆ, ದನಿ ಕೇಳಬೇಕಾದರೆ ಮೊದಲು ಫೋನ್ ಎತ್ತಬೇಕು. ಬರುಬರುತ್ತ ಯಾರೂ ಎತ್ತದಂತಾದರು. ಪೊಲೀಸರ ವೇಷ ಹಾಕಿ ವಿಡಿಯೊದಲ್ಲಿ ಹೆದರಿಸುವವರು ಬಂದರು, ಕೊರಿಯರ್ ಬಂದಿದೆ ಎನ್ನುವವರು ಬಂದರು. ಬೆಳಗಿನಿಂದ ಸಂಜೆಯ ತನಕ ಅವರು ಖಾಲಿ ರಿಂಗುಗಳನ್ನು ಕೇಳುತ್ತ ಕೂರುತ್ತಿದ್ದರು. ಆಪರೇಶನ್ ಆದ ಕಣ್ಣುಗಳು ಹಳ್ಳಿಗಳಲ್ಲಿ ತಪಾಸಣೆ ಇಲ್ಲದೆ ಉಳಿದವು. ಆಗ ನಮ್ಮ ಡಾಕ್ಟರು ಒಂದು ಹೊಸ ಸೇವೆ ತೆಗೆದುಕೊಂಡರು. ಆಸ್ಪತ್ರೆಯ ಕಾಗದಪತ್ರಗಳನ್ನು ಪರಿಶೀಲಿಸಿ ಖಾತ್ರಿ ಮಾಡಿಕೊಂಡ ಮೇಲೆ, ನಾವು ಯಾರಿಗೇ ಫೋನ್ ಮಾಡಿದರೂ ಅವರ ಪರದೆಯ ಮೇಲೆ ಬರೀ ನಂಬರಿನ ಬದಲು ಆಸ್ಪತ್ರೆಯ ಹೆಸರು, ಅದರ ಚಿಹ್ನೆ, ಯಾವ ಕಾರಣಕ್ಕೆ ಕರೆ ಎಂಬ ಒಂದು ಸಾಲು, ಪಕ್ಕದಲ್ಲಿ ‘ಸರಿ’ ಗುರುತು ಮೂಡುತ್ತದೆ. ಕಂಪನಿಯಿಂದ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಬಂದು ಇದನ್ನು ವಿವರಿಸಿದಳು.

ಕಾಕಾ ಎಲ್ಲವನ್ನೂ ಕೇಳಿ, “ಬ್ಯಾರೇದವ್ರು ನಮ್ಮ ಹೆಸರು ಹಾಕ್ಕೊಂಡು ಫೋನ್ ಹಚ್ಚಿದ್ರ?” ಎಂದರು.

“ಆಗಲ್ಲ ಸರ್. ವೆರಿಫೈ ಆಗಿರೋರಿಗೆ ಮಾತ್ರ ಆ ಹೆಸರು ಬರುತ್ತೆ.”

“ಅಂದ್ರ ಬೋರ್ಡು.”

“ಸರ್?”

“ಬಸ್ಸಿನ ಬೋರ್ಡವ್ವಾ. ಇಷ್ಟ್ ದಿನ ನಾವು ಬೋರ್ಡ್ ಇಲ್ಲದ ಗಾಡಿ ತಂದು ನಿಲ್ಸಿ, ಹತ್ರಿ ಹತ್ರಿ ಅಂತ ಒದರಾಕತ್ತಿದ್ವಿ. ಎಲ್ಲಿಗಿ ಹೊಂಟೈತಿ ಗೊತ್ತಿಲ್ಲದ ಗಾಡಿ ಯಾರ್ ಹತ್ತತಾರ? ಇದು ಚಲೋ ಆತು. ಹಾಕ್ರಿ ಬೋರ್ಡ್.”

ಇಲ್ಲಿ ನನ್ನ ನೆನಪು ಒಂದು ಸುಳ್ಳು ಹೇಳಲು ಹವಣಿಸುತ್ತದೆ. ತಮ್ಮ ದನಿಯ ಜಾಗಕ್ಕೆ ಒಂದು ಗುರುತು ಬಂದು ಕೂತಾಗ ಅವರ ಮುಖ ಬಾಡಿತು ಎಂದು ಬರೆದುಬಿಡಲು ಆಸೆಯಾಗುತ್ತದೆ. ಹಾಗೆ ಬರೆದರೆ ಚೆಂದ. ಆದರೆ ಅವರಿಗೆ ಖುಷಿಯಾಗಿತ್ತು. ಜನ ಫೋನ್ ಎತ್ತತೊಡಗಿದರು. ಎತ್ತಿದ ಮೇಲೆ ಬಸ್ಸನ್ನೂ ಕೇಳುತ್ತಿದ್ದರು, ಈಗ ಅನುಮಾನಕ್ಕಲ್ಲ, ಚಟಕ್ಕೆ. “ಡಬಲ್ ಖಾತ್ರಿ,” ಎನ್ನುತ್ತ ಅವರು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಮರುವರ್ಷ ಅವರ ಗಂಟಲಿಗೆ ಗಂಟು ಬಂತು. ವಿಜಯಪುರದಲ್ಲಿ ಆಪರೇಶನ್ ಆಯಿತು. ಜೀವಕ್ಕೇನೂ ಆಗಲಿಲ್ಲ. ದನಿ ಹೋಯಿತು. ಪೂರ್ತಿ ಅಲ್ಲ, ಒಣ ತೊಗರಿ ಕಟ್ಟಿಗೆಯ ಮೇಲೆ ಯಾರೋ ನಡೆದ ಹಾಗೆ ಒಂದು ಸಪ್ಪಳ ಉಳಿಯಿತು. ರಜೆ ಮುಗಿಸಿ ಬಂದ ದಿನ ಎಂದಿನಂತೆ ಫೋನನ್ನು ಗೇಣು ದೂರ ಹಿಡಿದರು. ಆ ಕಡೆಯವರಿಗೆ ಏನೂ ಕೇಳಿಸಲಿಲ್ಲ. ಮೆಲ್ಲಗೆ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಕೊನೆಗೆ ಎಲ್ಲರಂತೆ ತುಟಿಗೆ ಹಚ್ಚಿ ಹಿಡಿದರು. ನಾನು ಕಾಗದ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಆದರೂ ಕೆಲಸ ನಡೆಯಿತು. ಪರದೆಯ ಮೇಲೆ ಹೆಸರಿತ್ತು, ಗುರುತಿತ್ತು. ಯಾರದೋ ಒಡೆದ ದನಿ ‘ನಾಳೆ ಬನ್ನಿ’ ಎಂದರೆ ಜನ ಬರುತ್ತಿದ್ದರು. ಬಸ್ಸು ಕೂಗಿರೆಂದು ಯಾರೂ ಕೇಳಲಿಲ್ಲ. ಕಂಟ್ರೋಲರ್ ಕೆಲಸ ಬಿಟ್ಟರೆಂದು ತಿಳಿದಿರಬೇಕು.

ಆಮೇಲಿನದು ಒಂದು ದಿನದ ಕಥೆ. ಆ ದಿನ ನನ್ನ ದಿನಚರಿಯಲ್ಲಿ ನಾನು ಬರೆದದ್ದು ‘ಬಿಸಿಲು ಬಹಳ’ ಎಂದಷ್ಟೇ. ಉಳಿದದ್ದಕ್ಕೆಲ್ಲ ನಾನೇ ಸಾಕ್ಷಿ.

ಮೋರಟಗಿಯಿಂದ ತಪಾಸಣೆಗೆ ಬಂದ ಮುದುಕನೊಬ್ಬ ಮಾತಿನ ನಡುವೆ, ತನ್ನ ಜೊತೆಗೇ ಆಪರೇಶನ್ ಆದ ತಮ್ಮೂರ ಹೆಂಗಸಿನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿದೆಯಂತೆ, ನೋವಿಗೆ ರಾತ್ರಿ ನಿದ್ದೆಯಿಲ್ಲವಂತೆ ಎಂದ. ಡಾಕ್ಟರು ಕೈಯಲ್ಲಿದ್ದ ಟಾರ್ಚು ಕೆಳಗಿಟ್ಟರು.

“ಆಕಿನ್ನ ಯಾಕ್ ಕರ್ಕೊಂಡ್ ಬರ್ಲಿಲ್ಲೋ ಯಜಮಾನ?”

“ನಮಗೂ ಅವರಿಗೂ ಮಾತಿಲ್ರಿ. ನಾ ಹೋಗಂದ್ರ, ಹೊಂಟಾಕಿನೂ ಕುಂದರ್ತಾಳ.”

ಡಾಕ್ಟರು ನಮ್ಮ ಕೋಣೆಗೆ ಬಂದರು. “ಒಳಗ ಕೀವು ಆಗಾಕತ್ತಿರಬೇಕು. ಇವತ್ತ ಬರಬೇಕು ಆಕಿ. ನಾಳಿಗಂದ್ರ ಕಣ್ಣು ಹೋದಂಗ.”

ಆಕೆ ಕುರಿಗಾರರ ಮನೆಯವಳು. ಕೈಯಲ್ಲಿದ್ದದ್ದು ಹಳೆಯ ಬಟನ್ ಫೋನು. ಅದರ ಮೇಲೆ ಹೆಸರೂ ಮೂಡುವುದಿಲ್ಲ, ಗುರುತೂ ಮೂಡುವುದಿಲ್ಲ. ಕಾಕಾ ಮತ್ತೆ ಮತ್ತೆ ಫೋನ್ ಹಚ್ಚಿದರು. ಕೊನೆಗೊಮ್ಮೆ ಎತ್ತಿದಳು.

“ಯವ್ವಾ, ನಾ ಸಿಂದಗಿ ದವಾಖಾನಿ ಕಂಟ್ರೋಲರ್…”

“ಕಂಟ್ರೋಲರ್ ದನಿ ನನಗ ಗೊತ್ತಿಲ್ಲೇನು? ಬಾಜೂ ಮನಿಯವ್ರಿಗೂ ಹಿಂಗ ದವಾಖಾನಿ ಅಂತ ಹೇಳೇ ಮುಣಿಗಿಸೀರಿ. ನಾಚ್ಕಿ ಬರಾಂಗಿಲ್ಲ ನಿಮಗ?”

ಫೋನು ಕಟ್ಟಾಯಿತು. ನಾನು ಹಚ್ಚಿದೆ, ಸ್ವಿಚ್ ಆಫ್. ಆಸ್ಪತ್ರೆಯ ವ್ಯಾನು ಶಿಬಿರಕ್ಕೆಂದು ಮುದ್ದೇಬಿಹಾಳಕ್ಕೆ ಹೋಗಿತ್ತು. ಕಾಕಾ ಟೊಪ್ಪಿಗೆ ಹಾಕಿಕೊಂಡು ಎದ್ದರು. “ಕಲಬುರ್ಗಿ ಗಾಡಿ ಬಿಡು ಹೊತ್ತಾತು. ನಡಿ ತಂಗಿ.”

ದಾರಿಯುದ್ದಕ್ಕೂ ತೊಗರಿ ಹೂವಿನ ಹಳದಿ ಹೊಲಗಳು ಕಿಟಕಿಯಲ್ಲಿ ಸರಿದು ಹೋಗುತ್ತಿದ್ದವು, ಒಂದು ಮುಗಿದು ಇನ್ನೊಂದು, ನಾವು ಕುಳಿತಲ್ಲೇ ಇದ್ದು ಅವೇ ಎಲ್ಲಿಗೋ ಹೊರಟ ಹಾಗೆ. ಅದು ತೊಗರಿ ಹೂವಿನ ಕಾಲವೇ ಆಗಿತ್ತೆ? ‘ಬಿಸಿಲು ಬಹಳ’ ಎಂದು ಬರೆದಿದ್ದೇನಲ್ಲ. ಎರಡು ಬೇರೆ ಬೇರೆ ಪ್ರಯಾಣಗಳನ್ನು ಸೇರಿಸಿ ಹೊಲಿದಿರಬಹುದು. ಹೊಲಿಗೆ ಎಲ್ಲಿದೆ ಎಂದು ಈಗ ನನಗೇ ಕಾಣುವುದಿಲ್ಲ.

ಮನೆ ಬಸ್ ಸ್ಟಾಪಿನ ಎದುರಿಗೇ ಇತ್ತು. ಹೊರಗೆ ಕುರಿಗಳ ಹಟ್ಟಿ, ಒಳಗೆ ಕತ್ತಲು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಆಕೆಯ ಹಿಂದೆ, ಗೋಡೆಗೆ ಒರಗಿ, ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಹೆಂಗಸು ಕುಳಿತಿದ್ದಳು. ಇನ್ನೊಂದು ಕಣ್ಣಿನಲ್ಲೂ ಪೊರೆ. ಯಾರೋ ಬಂದಿದ್ದಾರೆ ಎಂಬಷ್ಟೇ ಕಾಣುತ್ತಿತ್ತು.

ಕಾಕಾ ತಾವು ಯಾರೆಂದು ಹೇಳಿದರು. ಫೋನಿನ ಅದೇ ದನಿ ಮನೆಯ ಬಾಗಿಲಿಗೇ ಬಂತೆಂದು ಆಕೆ ಬೆಚ್ಚಿದಳು.

“ಮನೀತನಕಾ ಬಂದ್ರಲ್ಲ. ಎಷ್ಟ್ ಧೈರ್ಯ ನಿಮಗ.”

“ಗಂಟಲ ಆಪರೇಶನ್ ಆಗೇತವ್ವಾ. ದನಿ ಹೋಗೇತಿ. ನಾನ ಕಂಟ್ರೋಲರ್.”

“ತವರಮನಿಗಿ ಹೋಗಬೇಕಾದ್ರ, ಹೊಳ್ಳಿ ಬರಬೇಕಾದ್ರ, ಮದುವಿ ಆದಾಗಿಂದ ಆ ದನಿ ಕೇಳೇನಿ. ನೀವು ಅವರಲ್ಲ.”

ನಾನು ಕೊರಳಿನ ಗುರುತಿನ ಚೀಟಿ ಸೊಸೆಗೆ ತೋರಿಸಿದೆ. ಒಳಗಿನಿಂದಲೇ ಉತ್ತರ ಬಂತು: “ಕಾರ್ಡು ಬಾಜೂ ಮನಿಯವ್ರಿಗೂ ತೋರಿಸಿದ್ರು, ವಿಡಿಯೊದಾಗ. ಮ್ಯಾಲ ಸಿಕ್ಕಾ ಸೈತ ಒತ್ತಿತ್ತಂತ.”

“ಇವರ ಮುಖ ನೋಡಮ್ಮ,” ಎಂದೆ ಸೊಸೆಗೆ. “ಸ್ಟ್ಯಾಂಡಿನಲ್ಲಿ ನೋಡಿಲ್ಲವೆ?”

ಸೊಸೆ ನೋಡಿದಳು. ತಲೆಯಾಡಿಸಿದಳು. “ಅವರ ಮಾರಿ ಯಾರ್ ನೋಡ್ಯಾರ್ರಿ ಅಕ್ಕಾರ. ಒಳಗ ಆ ಖೋಲ್ಯಾಗ ಕುಂದರ್ತಿದ್ರು.”

ಕಾಕಾ ಹೊಸ್ತಿಲ ಹೊರಗೆ ನಿಂತೇ ಕಲಬುರಗಿ ಬಸ್ಸನ್ನು ಕೂಗಲು ನೋಡಿದರು. ಮೋರಟಗಿ ಎನ್ನುವಷ್ಟರಲ್ಲಿ ಉಸಿರು ಒಡೆಯಿತು. ಹಟ್ಟಿಯ ಕುರಿಯೊಂದು ತಲೆಯೆತ್ತಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು. “ಊರ ಹೆಸರು ಯಾರಿಗಿ ಬರಾಂಗಿಲ್ಲ?” ಎಂದಳು ಆಕೆ. ಸಿಟ್ಟಿನಿಂದಲ್ಲ, ದಣಿದು.

ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಎರಡೂ ಕೈ ಮೊಣಕಾಲ ಮೇಲೆ. ನಾನು ಕೀವು, ಕಣ್ಣು, ಇವತ್ತೇ ಬರಬೇಕು ಎಂದು ಏನೇನೋ ಹೇಳುತ್ತಿದ್ದೆ. ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದೆನೆಂದು ತೋರುತ್ತದೆ, ಹೆದರಿದಾಗ ನನಗೆ ಅದೇ ಬರುತ್ತದೆ. ತಾವು ಆ ಮನುಷ್ಯನೇ ಹೌದೋ ಅಲ್ಲವೋ ಎಂದು ಕಾಕಾಗೂ ಒಂದು ಗಳಿಗೆ ಅನುಮಾನ ಬಂದಿತ್ತೆ? ನನಗೆ ಹಾಗೆ ಕಂಡಿತು. ಕೇಳಲಿಲ್ಲ.

ಆಗ ಜೇವರ್ಗಿ ಕಡೆಯಿಂದ ಸಿಂದಗಿಗೆ ಹೋಗುವ ಬಸ್ಸು ಬಂತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕಟ್ಟೆಯ ಕಡೆ ನೋಡಿ ಕೂಗಿದ: “ಸಾಹೇಬ್ರ, ಬರ್ತೀರೇನ್ರಿ?”

ಉತ್ತರ ಕೊಡಲು ದನಿ ಅಲ್ಲಿಯ ತನಕ ಮುಟ್ಟುತ್ತಿರಲಿಲ್ಲ. ಕಾಕಾ ಕುಳಿತಲ್ಲಿಂದಲೇ ಬಲಗೈ ಎತ್ತಿ, ಅಂಗೈ ಮುಂದೆ ಮಾಡಿ ಹಿಡಿದರು. ಡ್ರೈವರ್ ಅದನ್ನು ನೋಡಿದ. ಬಸ್ಸನ್ನು ಒಂದಿಷ್ಟು ಬದಿಗೆ ತಂದು ಎಂಜಿನ್ ಆರಿಸಿದ.

ಸದ್ದು ನಿಂತದ್ದು ಎಲ್ಲರಿಗೂ ಕೇಳಿಸಿತು. ಬಸ್ಸಿನೊಳಗಿನಿಂದ ಯಾರೋ ಗೊಣಗಿದರು. ಕಂಡಕ್ಟರ್ ಅವರಿಗೆ ಏನೋ ಹೇಳಿದ; ಅವರೂ ಸುಮ್ಮನಾದರು.

ಒಳಗಿನ ಹೆಂಗಸು ಬಟ್ಟೆ ತೆಗೆದು ತಲೆ ಹೊರಳಿಸಿದಳು. “ಯಾಕ ನಿಂತೈತೇ ಅದು?”

“ಇವರ ಸಲುವಾಗಿ ನಿಂತೈತ್ರಿ, ಅತ್ತಿ.”

“ಎಂಜಿನ್ ಬಂದ್ ಮಾಡ್ಯಾನೇನು?”

“ಮಾಡ್ಯಾನ್ರಿ.”

“ಯಾರರ ಓಡಿ ಬರಾಕತ್ತಾರೇನ್ ನೋಡು.”

“ಯಾರೂ ಇಲ್ರಿ. ಇವರು ಕೈ ಮಾಡಿದ್ರು, ಅವ ನಿಂತಾನ.”

ಆಕೆ ಸ್ವಲ್ಪ ಹೊತ್ತು ಕೇಳುತ್ತ ಕುಳಿತಳು. ಕೇಳಲು ಅಲ್ಲಿ ಏನೂ ಇರಲಿಲ್ಲ; ಬಿಸಿಲು, ಕುರಿಗಳು ಮೇವು ಅಗಿಯುವ ಸಪ್ಪಳ, ರಸ್ತೆಯಾಚೆ ಕಾಯುತ್ತ ನಿಂತ ಒಂದು ಬಸ್ಸಿನ ಮೌನ. ಒಮ್ಮೆ ತಾನು ಗರ್ಭಿಣಿ ಮಗಳನ್ನು ಕರೆದುಕೊಂಡು ಓಡಿ ಬಂದಾಗಲೂ ಆ ಬಸ್ಸು ನಿಂತಿರಲಿಲ್ಲವಂತೆ. ಇದನ್ನು ಆಕೆ ಆಮೇಲೆ ದಾರಿಯಲ್ಲಿ ಹೇಳಿದಳು.

“ನನ್ನ ಚಪ್ಪಲಿ ಎಲ್ಲಿ ಅದಾವ ನೋಡು,” ಎಂದಳು ಸೊಸೆಗೆ.

ಬಸ್ಸಿನಲ್ಲಿ ಆಕೆ ಕಿಟಕಿಯ ಬಳಿ, ನಡುವೆ ನಾನು, ಈ ತುದಿಗೆ ಅವರು. ಬಹಳ ದೂರ ಬಂದ ಮೇಲೆ ಆಕೆ ನನ್ನನ್ನು ದಾಟಿ ಅವರ ಕಡೆ ಮುಖ ಮಾಡಿ ಕೇಳಿದಳು: “ದನಿ ಎಲ್ಲಿ ಹೋತ್ರಿ ಸಾಹೇಬ್ರ, ಅಂಥಾದ್ದು?”

“ಡಿಪೋಕ್ಕ ಹೋಗೇತವ್ವಾ. ರಿಪೇರಿಗಿ ಬಿಟ್ಟೇವಿ.”

ನೋವಿನಲ್ಲೂ ಆಕೆ ನಕ್ಕಳು. ಸಂಜೆಯೊಳಗೆ ಡಾಕ್ಟರು ಕಣ್ಣಿಗೆ ಮಾಡಬೇಕಾದದ್ದನ್ನು ಮಾಡಿದರು. ಮುಂದಿನ ಕೆಲವು ದಿನ ಏನೂ ಹೇಳುವಂತಿರಲಿಲ್ಲ. ಕೊನೆಗೆ ಕಣ್ಣು ಉಳಿಯಿತು.

ಪಟ್ಟಿ ಬಿಚ್ಚಿದ ದಿನ ಆಕೆ ಸೊಸೆಯ ಕೈ ಹಿಡಿಯದೆ ನಮ್ಮ ಕೋಣೆಗೆ ನಡೆದು ಬಂದಳು. “ಕಂಟ್ರೋಲರ್ ಯಾರವ್ವಾ ಇದರಾಗ?” ಎಂದು ಕೇಳಿದಳು; ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಎದುರಿನ ಮೇಜನ್ನು ತೋರಿಸಿದೆ. ಕಾಕಾ ಎದ್ದು ನಿಂತರು. ಆಕೆ ಹತ್ತಿರ ಹೋಗಿ ಅವರ ಮುಖವನ್ನು ನೋಡಿದಳು. ಹಣೆ, ಹುಬ್ಬು, ಗಂಟಲ ಮೇಲಿನ ಗೆರೆ, ಒಂದೊಂದನ್ನೂ ಆರಾಮಾಗಿ ನೋಡಿದಳು. ಹಾಗೆ ಅವರನ್ನು ಯಾರೂ ನೋಡಿರಲಿಕ್ಕಿಲ್ಲ, ಎರಡು ವರ್ಷ ಎದುರಿಗೆ ಕುಳಿತ ನಾನೂ. ಅವರು ಬಟನ್ ಸರಿಮಾಡಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದರು.

“ಅಷ್ಟ್ ದೊಡ್ಡ ದನಿ,” ಎಂದಳು ಆಕೆ ಕೊನೆಗೆ. “ಮನಷ್ಯಾರು ಇಷ್ಟ ಗಿಡ್ಡ ಅದೀರಿ ಅಂತ ನಾ ಅನ್ಕೊಂಡಿದ್ದಿಲ್ರಿ.”

ಕಾಕಾ ನಕ್ಕರು. ಸದ್ದು ಬರಲಿಲ್ಲ, ಭುಜಗಳು ಮಾತ್ರ ಕುಲುಕಿದವು. ಆಕೆ ಇನ್ನೂ ನೋಡುತ್ತಲೇ ಇದ್ದಳು.